ನಡುರಾತ್ರಿಯ ಜಪ್ತಿ

ಕಳೆದ ವಾರ ಜಿನ್ನಿಂಗ್ ಗಿರಣಿಯಲ್ಲಿ ದುಡಿಯುವ ಗೆಳೆಯರೊಬ್ಬರು ನಮ್ಮ ಕಚೇರಿಗೆ ಬಂದರು. ಕಿಸೆಯಿಂದ ಫೋನು ತೆಗೆದು ಮೇಜಿನ ಮೇಲಿಟ್ಟು, "ಅಣ್ಣಾ, ನಾನು ದುಡ್ಡು ಕೊಟ್ಟು ಕೊಂಡ ಡೇಟಾ ದಿನಾ ರಾತ್ರಿ ಹನ್ನೆರಡು ಹೊಡೆಯುತ್ತಲೇ ಎಲ್ಲಿಗೆ ಹೋಗುತ್ತದೆ? ಇದನ್ನು ಪತ್ರಿಕೆಯಲ್ಲಿ ಕೇಳಿ" ಎಂದರು. ಪ್ರಶ್ನೆ ಸಣ್ಣದು. ಆದರೆ ಇದನ್ನು ಕೇಳಬೇಕಾದ ಸರ್ಕಾರ ಕೇಳಿಲ್ಲ, ಉತ್ತರ ಕೊಡಬೇಕಾದ ಕಂಪನಿಗಳು ಕೊಟ್ಟಿಲ್ಲ. ಆದ್ದರಿಂದ ಕೇಳುವ ಕೆಲಸ ನಮ್ಮ ಪಾಲಿಗೆ ಬಂದಿದೆ.

ಮೊದಲು ಲೆಕ್ಕ ನೋಡೋಣ. ಅವರು ಹಾಕಿಸುವುದು ಹೆಚ್ಚುಕಡಿಮೆ 300 ರೂಪಾಯಿಯ ಪ್ಯಾಕು. ಅವಧಿ 28 ದಿನ, ದಿನಕ್ಕೆ ಒಂದೂವರೆ ಜಿ.ಬಿ. ಡೇಟಾ. ಅಂದರೆ ಅವರು ಕೊಂಡದ್ದು ಒಟ್ಟು 42 ಜಿ.ಬಿ. ಗಿರಣಿಯ ಪಾಳಿಯಲ್ಲಿ ಇರುವಷ್ಟು ಹೊತ್ತೂ ಫೋನು ಚೀಲದಲ್ಲಿ ಮಲಗಿರುತ್ತದೆ. ಮನೆಗೆ ಬಂದು ಉಂಡು ಮಲಗುವುದರೊಳಗೆ ಅರ್ಧ ಜಿ.ಬಿ. ಖರ್ಚಾದರೆ ಹೆಚ್ಚು. ಕೆಲಸದ 24 ದಿನಗಳಿಗೆ 12 ಜಿ.ಬಿ. ಆಯಿತು. ರಜೆಯ ನಾಲ್ಕು ದಿನ ಹೆಂಡತಿ ಮಕ್ಕಳೂ ಫೋನು ಹಿಡಿಯುವುದರಿಂದ ದಿನದ ಒಂದೂವರೆಯೂ ಮುಗಿಯುತ್ತದೆ, ಅದು 6. ಒಟ್ಟು ಬಳಸಿದ್ದು 18, ಮುಳುಗಿಹೋದದ್ದು 24 ಜಿ.ಬಿ. ಮುನ್ನೂರು ರೂಪಾಯಿಯಲ್ಲಿ ನೂರ ಎಪ್ಪತ್ತೊಂದು ರೂಪಾಯಿಯ ಮಾಲು ಕೈಗೆ ಬಂದು ಕೈಯಿಂದಲೇ ಜಾರಿತು.

ತಮಾಷೆ ಇನ್ನೂ ಇದೆ. ರಜೆಯ ದಿನ ಸಂಜೆಯ ಹೊತ್ತಿಗೆ ಒಂದೂವರೆ ಜಿ.ಬಿ. ಮುಗಿದ ಕೂಡಲೇ ವೇಗ ಆಮೆಯ ನಡಿಗೆಗೆ ಇಳಿಯುತ್ತದೆ. "ಇನ್ನಷ್ಟು ಬೇಕೇ? ಬೇರೆ ಹಣ ಕೊಟ್ಟು ಕೊಳ್ಳಿ" ಎಂಬ ಸಂದೇಶ ಬರುತ್ತದೆ. ಅದೇ ವಾರದಲ್ಲಿ ಇದೇ ಮನುಷ್ಯನಿಂದ ಆರು ರಾತ್ರಿ ಕಸಿದುಕೊಂಡ ಆರು ಜಿ.ಬಿ. ಕಂಪನಿಯ ಗಂಟಿನಲ್ಲಿದೆ. ಅವನಿಂದ ಕಿತ್ತದ್ದನ್ನೇ ಅವನಿಗೆ ಎರಡನೆಯ ಸಲ ಮಾರುವ ವ್ಯಾಪಾರವಿದು! ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಅಂಗಡಿಯ ಬಂಧುಗಳು ಇದನ್ನು ತಮ್ಮ ತಕ್ಕಡಿಯಲ್ಲಿಟ್ಟು ತೂಗಲಿ. ಒಬ್ಬ ಗಿರಾಕಿ ನಿಮ್ಮಲ್ಲಿ ಎರಡು ಕಿಲೋ ತೊಗರಿಬೇಳೆ ಕೊಂಡು ಹಣ ಎಣಿಸಿ ಹೋಗುತ್ತಾನೆ. ಅರ್ಧ ಕಿಲೋ ಬೇಯಿಸಿಕೊಳ್ಳುತ್ತಾನೆ. ನಡುರಾತ್ರಿ ನೀವು ಅವನ ಮನೆಯ ಬಾಗಿಲು ತಟ್ಟಿ, "ಇವತ್ತಿನ ದಿನ ಮುಗಿಯಿತು, ಉಳಿದ ಬೇಳೆ ವಾಪಸು ಕೊಡಿ" ಎಂದು ಡಬ್ಬಿ ಬರಿದು ಮಾಡಿಕೊಂಡು ಬಂದರೆ ಬೆಳಗಾಗುವಷ್ಟರಲ್ಲಿ ನೀವು ಪೊಲೀಸು ಠಾಣೆಯಲ್ಲಿರುತ್ತೀರಿ. ನಿಮ್ಮ ತಕ್ಕಡಿಗೆ ಸರ್ಕಾರದ ಸೀಲು ಬೇಕು; ಅವಧಿ ಮೀರಿದರೆ ದಂಡ ಕಟ್ಟಬೇಕು; ಐವತ್ತು ಗ್ರಾಂ ಕಡಿಮೆ ಬಂದರೆ ಮೊಕದ್ದಮೆ. ಕೋಟಿಗಟ್ಟಲೆ ಜನರಿಗೆ ಅಳೆದು ಮಾರಿ, ಅಳೆದದ್ದನ್ನೇ ಹಿಂದಕ್ಕೆ ಎಳೆದುಕೊಳ್ಳುವ ದೊಡ್ಡ ತಕ್ಕಡಿಗೆ ಮಾತ್ರ ಯಾವ ಇನ್‌ಸ್ಪೆಕ್ಟರನೂ ಇಲ್ಲ!

ಡೇಟಾ ಹೋಗಲಿ, ತಿಂಗಳನ್ನೇ ಇವರು ಕತ್ತರಿಸಿದ್ದಾರೆ. ಸಂಬಳದ ತಿಂಗಳು, ಮನೆ ಬಾಡಿಗೆಯ ತಿಂಗಳು, ವಿದ್ಯುತ್ ಬಿಲ್ಲಿನ ತಿಂಗಳು ಎಲ್ಲವೂ ವರ್ಷಕ್ಕೆ ಹನ್ನೆರಡು. ಫೋನ್ ಕಂಪನಿಯ ತಿಂಗಳಿಗೆ ಮಾತ್ರ 28 ದಿನ. ಆದ್ದರಿಂದ ವರ್ಷಕ್ಕೆ ಹದಿಮೂರು. ಹನ್ನೆರಡು ಸಂಬಳ ಪಡೆಯುವವನು ಹದಿಮೂರು ರೀಚಾರ್ಜು ಮಾಡಿಸಬೇಕು. 3,600 ಆಗಬೇಕಾದದ್ದು 3,900 ಆಗುತ್ತದೆ. ಒಬ್ಬನಿಗೆ ಇದು ಮುನ್ನೂರರ ಮಾತು. ದೇಶದಲ್ಲಿ ನೂರ ಹತ್ತು ಕೋಟಿಗೂ ಹೆಚ್ಚು ಮೊಬೈಲು ಸಂಪರ್ಕಗಳಿವೆ; ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪ್ರೀಪೇಯ್ಡ್. ಈ ಹದಿಮೂರನೆಯ ತಿಂಗಳಿನ ಸುಗ್ಗಿ ಎಷ್ಟು ದೊಡ್ಡದೆಂದು ವಾಚಕರೇ ಊಹಿಸಿಕೊಳ್ಳಲಿ.

ಕಂಪನಿಗಳ ವಕೀಲರು ಹೇಳುವ ಸಮಾಧಾನಗಳನ್ನೂ ನ್ಯಾಯವಾಗಿ ಪರಿಶೀಲಿಸೋಣ. "ಡೇಟಾ ಎಂಬುದು ಬೇಳೆಯಲ್ಲ, ಗೋದಾಮಿನಲ್ಲಿ ಕೂಡಿಡುವ ವಸ್ತುವಲ್ಲ. ಅದು ಬಸ್ಸಿನ ಸೀಟಿನಂತೆ, ಬಸ್ಸು ಹೊರಟ ಮೇಲೆ ಖಾಲಿ ಸೀಟು ಯಾರಿಗೂ ಸಿಗದು" ಎನ್ನುತ್ತಾರೆ. ಗೋಪುರ, ತರಂಗ, ಯಂತ್ರ ಇವುಗಳ ಸಾಮರ್ಥ್ಯ ಆಯಾ ಹೊತ್ತಿನದು ಎಂಬುದು ನಿಜವೇ. ಹಾಗಾದರೆ ನೀವು ಮಾರುವುದು ಕಾಲವನ್ನೋ, ಅಳತೆಯನ್ನೋ? ಕಾಲವನ್ನು ಮಾರುವುದಾದರೆ, ಹಣ ಕೊಟ್ಟ 28 ದಿನವೂ ಬಸ್ಸಿನಲ್ಲಿ ಕೂರಲು ಬಿಡಿ, ಒಂದೂವರೆ ಜಿ.ಬಿ. ಆಯಿತೆಂದು ನಡುದಾರಿಯಲ್ಲಿ ಇಳಿಸಬೇಡಿ. ಅಳತೆಯನ್ನು ಮಾರುವುದಾದರೆ, ಅಳೆದು ಕೊಟ್ಟದ್ದು ಮುಗಿಯುವ ತನಕ ನಮ್ಮದು, ಗಡಿಯಾರ ತೋರಿಸಬೇಡಿ. ಹೆಚ್ಚು ಬಳಸಿದವನಿಗೆ ಅಳತೆಯ ಕತ್ತರಿ, ಕಡಿಮೆ ಬಳಸಿದವನಿಗೆ ಗಡಿಯಾರದ ಕತ್ತರಿ. ಎರಡರ ಅಲಗೂ ಗ್ರಾಹಕನ ಕಡೆಗೇ ಇರುವುದು ಯಾವ ನ್ಯಾಯ?

ಎರಡನೆಯ ಸಮಾಧಾನ: "ಪ್ರಪಂಚದಲ್ಲೇ ಅಗ್ಗದ ಡೇಟಾ ನಮ್ಮ ದೇಶದ್ದು." ಈ ಅಗ್ಗವನ್ನು ಲೆಕ್ಕ ಮಾಡುವ ಬಗೆ ಹೇಗೆ? 300 ರೂಪಾಯಿಯನ್ನು 42ರಿಂದ ಭಾಗಿಸಿ, ಜಿ.ಬಿ.ಗೆ ಏಳು ರೂಪಾಯಿ ಚಿಲ್ಲರೆ ಎನ್ನುತ್ತಾರೆ. ನಮ್ಮ ಗೆಳೆಯರಿಗೆ ದಕ್ಕಿದ್ದು 18. ಅದರಿಂದ ಭಾಗಿಸಿದರೆ ಜಿ.ಬಿ.ಗೆ ಹದಿನಾರೂವರೆ ರೂಪಾಯಿಗೂ ಮಿಗಿಲು. ಬಡವನಿಗೆ ಬಿಡುವು ಕಡಿಮೆಯಾದಷ್ಟೂ ಅವನ ಡೇಟಾದ ಬೆಲೆ ಏರುತ್ತದೆ. ದಿನವಿಡೀ ಫೋನು ನೋಡಲು ಬಿಡುವಿದ್ದವನಿಗೆ ಅಗ್ಗ, ಹತ್ತು ಗಂಟೆ ಮೈಮುರಿಯುವವನಿಗೆ ತುಟ್ಟಿ!

ಮೂರನೆಯ ಸಮಾಧಾನ: "ಇಷ್ಟವಿಲ್ಲದಿದ್ದರೆ ಬೇರೆ ಕಂಪನಿಗೆ ಹೋಗಿ, ಸ್ಪರ್ಧೆಯಿದೆಯಲ್ಲ." ಈ ಸ್ಪರ್ಧೆಯ ಸೊಗಸನ್ನು ನಾವು 2024ರ ಜುಲೈ ಮೊದಲ ವಾರದಲ್ಲಿ ಕಂಡೆವು. ಜಿಯೋ ನೂರಕ್ಕೆ 12ರಿಂದ 27ರವರೆಗೆ, ಏರ್‌ಟೆಲ್ 11ರಿಂದ 21ರವರೆಗೆ, ವೊಡಾಫೋನ್ ಐಡಿಯಾ 11ರಿಂದ 24ರವರೆಗೆ ದರ ಏರಿಸಿದವು. ಮೂರೂ ಕಂಪನಿಗಳು ಒಂದೇ ವಾರದಲ್ಲಿ! ಮೂರು ಅಂಗಡಿಯ ಬಾಗಿಲು ಬೇರೆ, ಒಳಗಿನ ಬೆಲೆಯ ಹಲಗೆ ಒಂದೇ. ಆಗ ಲಕ್ಷಾಂತರ ಜನ ಸರ್ಕಾರಿ ಬಿ.ಎಸ್.ಎನ್.ಎಲ್.ಗೆ ಹೋದರು. ಖಾಸಗಿಯವರು 5ಜಿ ಮಾರುತ್ತಿದ್ದ ಕಾಲದಲ್ಲಿ ಜನರ ಸ್ವಂತ ಕಂಪನಿಗೆ ಸರಿಯಾದ 4ಜಿ ಇರಲಿಲ್ಲ. ಆದುದರಿಂದ ಹೋದವರಲ್ಲಿ ಅನೇಕರು ಮರಳಿ ಬಂದರು. ಪರ್ಯಾಯವನ್ನು ಬೆಳೆಯಗೊಡದೆ ಪರ್ಯಾಯಕ್ಕೆ ಹೋಗಿ ಎನ್ನುವುದು, ಸೇತುವೆ ಕಟ್ಟದೆ ಹೊಳೆ ದಾಟಿ ಎಂದಂತೆ.

ಉಳಿದ ಡೇಟಾವನ್ನು ಮುಂದಕ್ಕೆ ಸಾಗಿಸುವುದು ಯಂತ್ರಕ್ಕೆ ಆಗದ ಕೆಲಸವೇ? ಅಲ್ಲ. 2017ರಲ್ಲಿಯೇ ಏರ್‌ಟೆಲ್ ತನ್ನ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ, ಮಿಕ್ಕ ಡೇಟಾ ಮುಂದಿನ ತಿಂಗಳಿಗೆ ಸೇರುವ ಸವಲತ್ತು ಕೊಟ್ಟಿತು. ವೊಡಾಫೋನ್ ಐಡಿಯಾ ಕೆಲವು ಪ್ರೀಪೇಯ್ಡ್ ಪ್ಯಾಕುಗಳಲ್ಲಿ ವಾರದ ಉಳಿಕೆಯನ್ನು ಶನಿವಾರ-ಭಾನುವಾರ ಬಳಸಲು ಬಿಟ್ಟಿತು. ಅಂದರೆ ಯಂತ್ರಕ್ಕೆ ಇದು ಗೊತ್ತು, ಮನಸ್ಸಿಗೆ ಬೇಡ. ತಿಂಗಳಾದ ಮೇಲೆ ಬಿಲ್ಲು ಕಟ್ಟುವ ಉಳ್ಳವನಿಗೆ ಮರ್ಯಾದೆ. ಮೊದಲೇ ರೊಕ್ಕ ಎಣಿಸಿ, ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತೆ ನಿಂತ ಕೂಲಿಗಾರನಿಗೆ ಜಪ್ತಿ!

ಈಗ ಕಂಪನಿಗಳು ತಮ್ಮ ಸ್ವಂತ ಉಳಿಕೆಯನ್ನು ಏನು ಮಾಡುತ್ತವೆ ಎಂದು ನೋಡೋಣ. ಫೋನು ನಡೆಯುವುದು ಗಾಳಿಯಲ್ಲಿನ ತರಂಗಗಳ ಮೇಲೆ. ಅವು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಅಂದರೆ ಅವು ನಮ್ಮವು, ನಿಮ್ಮವು. ಸರ್ಕಾರ ಅವನ್ನು ವರ್ಷಗಳ ಲೆಕ್ಕದಲ್ಲಿ ಕಂಪನಿಗಳಿಗೆ ಹರಾಜು ಹಾಕುತ್ತದೆ. ಕೊಂಡ ಕಂಪನಿ ಬಳಸದೆ ಉಳಿಸಿದರೆ ನಡುರಾತ್ರಿ ಯಾರೂ ಕಿತ್ತುಕೊಳ್ಳುವುದಿಲ್ಲ. ಬದಲು ಉಳಿದದ್ದನ್ನು ಮತ್ತೊಬ್ಬರಿಗೆ ಮಾರಿಕೊಳ್ಳಲು 2015ರಲ್ಲಿ ಸರ್ಕಾರವೇ ನಿಯಮ ಮಾಡಿಕೊಟ್ಟಿತು. 2021ರಲ್ಲಿ ಏರ್‌ಟೆಲ್ ಆಂಧ್ರ, ದೆಹಲಿ, ಮುಂಬಯಿಗಳ ತನ್ನ ಒಂದಿಷ್ಟು ತರಂಗಗಳನ್ನು ಜಿಯೋಗೆ ವರ್ಗಾಯಿಸಿ ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಪಡೆಯಿತು. ಅವರ ಉಳಿಕೆ ಆಸ್ತಿ, ನಮ್ಮ ಉಳಿಕೆ ಕಸ!

ಅವಧಿಯ ವಿಷಯದಲ್ಲೂ ಹೀಗೆಯೇ. ಕಂಪನಿಗಳು ಸರ್ಕಾರಕ್ಕೆ ಕಟ್ಟಬೇಕಾದ ಬಾಕಿಗೆ 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲ ನಾಲ್ಕು ವರ್ಷಗಳ ಗಡುವು ವಿಸ್ತರಿಸಿತು. ಸಾವಿರಾರು ಕೋಟಿ ಬಾಕಿಯವರಿಗೆ ನಾಲ್ಕು ವರ್ಷ, ಒಂದು ಜಿ.ಬಿ. ಉಳಿಸಿಕೊಂಡವನಿಗೆ ಹನ್ನೆರಡು ಗಂಟೆಯ ಮೇಲೆ ಒಂದು ನಿಮಿಷವೂ ಇಲ್ಲ. ಸಮಾಜದಲ್ಲಿ ವರ್ಗಭೇದವೆಲ್ಲಿದೆ ಎಂದು ಕೇಳುವ ಮಹಾಶಯರು ಈ ಎರಡು ಗಡುವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ.

ಕಾವಲಿಗೆಂದು ಟ್ರಾಯ್ ಎಂಬ ಪ್ರಾಧಿಕಾರವನ್ನು 1997ರಲ್ಲಿ ನೇಮಿಸಲಾಯಿತು. ಅದು ಏನೂ ಮಾಡಿಲ್ಲವೆಂದರೆ ಸುಳ್ಳಾದೀತು. ಪ್ರತಿ ಕಂಪನಿಯೂ 30 ದಿನದ ಪ್ಯಾಕನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ಹೊಸದಾಗುವ ಪ್ಯಾಕನ್ನೂ ಇಡಬೇಕೆಂದು 2022ರ ಜನವರಿಯಲ್ಲಿ ಆಜ್ಞೆ ಮಾಡಿತು. ಆದರೆ ಒಂದೊಂದಿದ್ದರೆ ಸಾಕು ಎಂದಿತು. ಕಂಪನಿಗಳು ಒಂದೊಂದನ್ನು ಮೂಲೆಯಲ್ಲಿಟ್ಟು 28ರ ಸಾಲನ್ನು ಮುಂದೆಯೇ ಉಳಿಸಿಕೊಂಡವು. 2024ರ ಡಿಸೆಂಬರಿನಲ್ಲಿ, ಡೇಟಾ ಬೇಡದವರಿಗೆ ಬರೀ ಮಾತು ಮತ್ತು ಸಂದೇಶದ ಪ್ಯಾಕು ಕೊಡಬೇಕೆಂದೂ, ಅಂಥ ವೋಚರಿನ ಅವಧಿಯನ್ನು 90 ದಿನದಿಂದ 365 ದಿನದವರೆಗೆ ವಿಸ್ತರಿಸಬಹುದೆಂದೂ ಹೇಳಿತು. ಒಳ್ಳೆಯದೇ. ಆದರೆ ಕೊಂಡ ಡೇಟಾ ಮುಳುಗುವ ಪ್ರಶ್ನೆಯನ್ನು ಈ ಎರಡು ಆಜ್ಞೆಗಳೂ ಮುಟ್ಟಲಿಲ್ಲ. ಪ್ರೀಪೇಯ್ಡ್ ವ್ಯಾಲೆಟ್ಟಿಗೆ ತುಂಬಿದ ಹಣಕ್ಕೆ ಕನಿಷ್ಠ ಒಂದು ವರ್ಷದ ಅವಧಿ ಇರಲೇಬೇಕೆಂದು ರಿಸರ್ವ್ ಬ್ಯಾಂಕು ನಿಯಮ ಮಾಡಬಲ್ಲುದಾದರೆ, ಪ್ರೀಪೇಯ್ಡ್ ಡೇಟಾಕ್ಕೆ ಒಂದು ತಿಂಗಳ ಮಾನವನ್ನಾದರೂ ಟ್ರಾಯ್ ಏಕೆ ಕಾಯಬಾರದು?

ಇದು ಲೋಕದಲ್ಲಿಲ್ಲದ ಬೇಡಿಕೆಯೂ ಅಲ್ಲ. ದಕ್ಷಿಣ ಆಫ್ರಿಕದಲ್ಲಿ ಜನ "ಡೇಟಾ ದರ ಇಳಿಯಲಿ" ಎಂದು ಗದ್ದಲವೆಬ್ಬಿಸಿದ ಮೇಲೆ, ಮಿಕ್ಕ ಡೇಟಾವನ್ನು ಮುಂದಕ್ಕೆ ಒಯ್ಯಲು ಹಾಗೂ ಇನ್ನೊಬ್ಬರಿಗೆ ಕೊಡಲು ಅವಕಾಶವಿರಬೇಕೆಂಬ ನಿಯಮ 2019ರಲ್ಲಿ ಜಾರಿಗೆ ಬಂತು. ಘಾನಾ ದೇಶದ ಸಂಪರ್ಕ ಸಚಿವರು ಅದೇ ವರ್ಷ, ಬಳಸದೆ ಉಳಿದ ಡೇಟಾ ಮುಂದಿನ ರೀಚಾರ್ಜಿಗೆ ಸೇರಬೇಕೆಂದು ಕಂಪನಿಗಳಿಗೆ ಆದೇಶ ಕೊಟ್ಟರು. ಅಲ್ಲಿ ಗೋಪುರಗಳೇನೂ ಕುಸಿದು ಬೀಳಲಿಲ್ಲ.

"ಫೋನು ಶೋಕಿಯ ವಸ್ತು, ಇದಕ್ಕೆ ಇಷ್ಟು ರಾದ್ಧಾಂತವೇಕೆ?" ಎಂದು ಕೇಳುವವರು ಇನ್ನೂ ಇದ್ದಾರೆ. ತರಕಾರಿ ಗಾಡಿಯವಳೂ ಹಣ ಬಂತೋ ಇಲ್ಲವೋ ಎಂದು ಫೋನಿನಲ್ಲೇ ನೋಡಿಕೊಳ್ಳಬೇಕು. ಭವಿಷ್ಯನಿಧಿಯ ಲೆಕ್ಕ, ಬ್ಯಾಂಕಿನ ವ್ಯವಹಾರ, ಮಗಳ ಪರೀಕ್ಷೆಯ ಅರ್ಜಿ, ಎಲ್ಲದಕ್ಕೂ ಡೇಟಾ ಬೇಕು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಒಂದೇ ಫೋನಿನ ಮುಂದೆ ಮೂರು ಮಕ್ಕಳು ಕೂತು, ದಿನದ ಡೇಟಾ ಮುಗಿದ ಕೂಡಲೇ ಪಾಠವೂ ಮುಗಿದದ್ದನ್ನು ನಮ್ಮ ಕೇರಿಗಳು ಮರೆತಿಲ್ಲ. ಎಲ್ಲವನ್ನೂ ಫೋನಿಗೆ ಕಟ್ಟಿದ ಸರ್ಕಾರವೇ ಫೋನಿನ ಖರ್ಚು ನಿಮ್ಮ ಹಣೆಬರಹ ಎನ್ನಬಾರದು.

ನಮ್ಮ ಬೇಡಿಕೆಗಳು ನಾಲ್ಕು. ಒಂದು: ಬಳಸದೆ ಉಳಿದ ಪ್ರೀಪೇಯ್ಡ್ ಡೇಟಾ ಕಡ್ಡಾಯವಾಗಿ ಮುಂದಿನ ರೀಚಾರ್ಜಿಗೆ ಸೇರಬೇಕು. ಎರಡು: ದಿನದ ಕತ್ತರಿ ಬೇಡವೆನ್ನುವವನಿಗೆ ಅದೇ ಬೆಲೆಯಲ್ಲಿ ಇಡೀ ಅವಧಿಯ ಡೇಟಾ ಒಟ್ಟಿಗೆ ಸಿಗಬೇಕು. ಮೂರು: ತಿಂಗಳ ಪ್ಯಾಕು ಎಂದರೆ ಕ್ಯಾಲೆಂಡರಿನ ತಿಂಗಳು, 28ರ ಆಟ ನಿಲ್ಲಬೇಕು. ನಾಲ್ಕು: ಜನರ ಸ್ವಂತ ಕಂಪನಿಯಾದ ಬಿ.ಎಸ್.ಎನ್.ಎಲ್. ಈ ಮೂರನ್ನೂ ಮೊದಲು ಜಾರಿಗೆ ತಂದು ಮೇಲ್ಪಂಕ್ತಿ ಹಾಕಬೇಕು. ಸರ್ಕಾರಿ ಕಂಪನಿಯೂ ಖಾಸಗಿಯವರಂತೆಯೇ ಉಳಿಕೆ ನುಂಗುವುದಾದರೆ ಅದು ಜನರದು ಎನ್ನುವುದಕ್ಕೆ ಅರ್ಥವೇನು?

ಫೋನ್ ಕಂಪನಿಗಳ ವಿರುದ್ಧವೂ ಗ್ರಾಹಕ ಆಯೋಗಕ್ಕೆ ಹೋಗಬಹುದೆಂದು ಸುಪ್ರೀಂ ಕೋರ್ಟು 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಆದರೆ ನೂರ ಎಪ್ಪತ್ತೊಂದು ರೂಪಾಯಿಗಾಗಿ ಒಬ್ಬ ಕೂಲಿಗಾರ ದಿನದ ಕೂಲಿ ಬಿಟ್ಟು ಅಲೆಯಲಾರ ಎಂಬುದು ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಅವರ ಧೈರ್ಯವೆಲ್ಲ ಅದೇ. ಒಂದೇ ಬಗೆಯ ತೊಂದರೆಯುಳ್ಳವರು ಕೂಡಿ ದೂರು ಕೊಡಲು 2019ರ ಗ್ರಾಹಕ ಕಾಯಿದೆಯಲ್ಲಿ ಅವಕಾಶವಿದೆ. ಗಿರಣಿಯ ಯೂನಿಯನ್ನುಗಳೂ ವರ್ತಕರ ಸಂಘವೂ ಇದೇ ತಿಂಗಳು ಠರಾವು ಮಾಡಿ, ಬೆಂಗಳೂರಿನಲ್ಲಿರುವ ಟ್ರಾಯ್ ಕಚೇರಿಗೂ ನಮ್ಮ ಲೋಕಸಭಾ ಸದಸ್ಯರಿಗೂ ಕಳಿಸಲಿ. ಪ್ರತಿಯೊಬ್ಬರೂ ಒಂದು ತಿಂಗಳು, ರಾತ್ರಿ ಮಲಗುವ ಮುನ್ನ ಉಳಿದ ಡೇಟಾ ಎಷ್ಟೆಂದು ನೋಡಿ ಚೀಟಿಯಲ್ಲಿ ಬರೆದಿಡಲಿ. ಆ ಚೀಟಿಗಳನ್ನು ನಮ್ಮ ಕಚೇರಿಗೆ ತಲುಪಿಸಿ. ಕೂಡಿಸಿ ಪ್ರಕಟಿಸುವ ಹೊಣೆ ನಮ್ಮದು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ತಿರುಗಿ ನಿಂತದ್ದು ಗೇಣಿಯ ಭತ್ತ ಅಳೆಯುವ ಕೊಳಗದ ತಕರಾರಿನಿಂದ. ಕೊಳಗ ಒಂದಿಷ್ಟು ದೊಡ್ಡದಾದರೆ ಏನು ಮಹಾ ಎಂದು ಅಂದೂ ಕೆಲವರು ನಕ್ಕಿದ್ದರು. ಅಳತೆ ಯಾರ ಕೈಯಲ್ಲಿದೆಯೋ ಫಸಲು ಅವನದೇ ಎಂಬುದನ್ನು ಆ ರೈತರು ಬಲ್ಲವರಾಗಿದ್ದರು. ಇಂದಿನ ಕೊಳಗ ಕಣ್ಣಿಗೆ ಕಾಣದು. ರಾತ್ರಿ ಹನ್ನೆರಡಕ್ಕೆ ಅಳೆಯುತ್ತದೆ, ನಾವು ಮಲಗಿರುವಾಗ. ಎಚ್ಚರವಾಗಿ ಕೂತು ನಾವೂ ಒಮ್ಮೆ ಅಳೆಯೋಣ.