ತೊಟ್ಟಿಲ ಮಗುವಿಗೆ ಯಾರ ನಿಯಮ?



ಜೀವಂಧರನ ಕಥೆ ನಮ್ಮ ಮನೆಗಳಿಗೆ ಹೊಸತಲ್ಲ. 1424ರಲ್ಲಿ ಭಾಸ್ಕರ ಕವಿ ಅದನ್ನು ಕನ್ನಡ ಷಟ್ಪದಿಯಲ್ಲಿ ಹೇಳಿದ್ದಾನೆ. ಸ್ಮಶಾನದಲ್ಲಿ ಹುಟ್ಟಿದ ಆ ರಾಜಕುಮಾರನನ್ನು ಎತ್ತಿ ತಂದು ಸಾಕಿದವನು ಗಂಧೋತ್ಕಟನೆಂಬ ವ್ಯಾಪಾರಿ. ತನ್ನ ಸತ್ತ ಕೂಸನ್ನು ಒಯ್ದವನು ಜೀವಂತ ಕೂಸನ್ನು ಮಡಿಲಿಗೆ ಹಾಕಿಕೊಂಡು ಮನೆಗೆ ಬಂದ.

ಈ ಕಥೆ ನೆನಪಾಗಲು ಕಾರಣವುಂಟು. ದತ್ತು ಕೊಡುವ ಸಂಸ್ಥೆಗೆ ತನ್ನ ಧರ್ಮದ ನಂಬಿಕೆಯ ಮೇರೆಗೆ ಕಾನೂನಿನಿಂದ ವಿನಾಯಿತಿ ಇರಬೇಕೇ? 2015ರಲ್ಲಿ ಕೇಂದ್ರದ ಹೊಸ ಮಾರ್ಗಸೂಚಿ ಬಂದು, ದತ್ತು ಕೇಳುವವರೆಲ್ಲ ಒಂದೇ ಪಟ್ಟಿಯಲ್ಲಿ ಹೆಸರು ಬರೆಸುವಂತಾಯಿತು. ಒಂಟಿಯಾಗಿರುವವರು, ವಿಚ್ಛೇದಿತರು ಸಹ ಅದರಲ್ಲಿದ್ದರು. ಇದು ತಮ್ಮ ಮನಸ್ಸಾಕ್ಷಿಗೆ ಒಪ್ಪದೆಂದು ಮದರ್ ತೆರೇಸಾ ಸ್ಥಾಪಿಸಿದ ಮಿಷನರೀಸ್ ಆಫ್ ಚಾರಿಟಿ ದತ್ತು ಕೊಡುವ ಕೆಲಸವನ್ನೇ ಬಿಟ್ಟಿತು. ಅಮೆರಿಕದಲ್ಲಿ ಇಂಥದೇ ವ್ಯಾಜ್ಯ ಬೇರೆ ದಾರಿ ಹಿಡಿಯಿತು. ಸಲಿಂಗ ದಂಪತಿಗಳಿಗೆ ಸಾಕುಮಕ್ಕಳನ್ನು ಒಪ್ಪಿಸಲು ಅರ್ಹತೆಯ ಪತ್ರ ಕೊಡೆವೆಂದ ಕ್ಯಾಥೊಲಿಕ್ ಸಂಸ್ಥೆಯ ಪರವಾಗಿ 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಮ್ಮತದಿಂದ ತೀರ್ಪಿತ್ತಿತು. ವಿನಾಯಿತಿ ಕೊಡುವ ಅಧಿಕಾರ ಫಿಲಡೆಲ್ಫಿಯಾ ನಗರದ ಕರಾರಿನಲ್ಲೇ ಇತ್ತೆಂಬುದು ಅದಕ್ಕೆ ಆಧಾರವಾಯಿತು.

ನಮಗೇನು ಇದರ ಗೊಡವೆ ಎನ್ನಬೇಡಿ. 2014ರಲ್ಲಿ ನಮಗೆ ದೇಶಮಟ್ಟದ ಅಲ್ಪಸಂಖ್ಯಾತ ಸ್ಥಾನ ಸಿಕ್ಕಿತಾದರೂ ದತ್ತಕದಲ್ಲಿ 1956ರ ಹಿಂದೂ ದತ್ತಕ ಕಾಯ್ದೆಯೇ ನಮಗೂ ಅನ್ವಯ. ಅದಕ್ಕೂ ಹಿಂದೆ, ಗಂಡನ ಅನುಮತಿಯಿಲ್ಲದೆಯೂ ಜೈನ ವಿಧವೆ ದತ್ತು ತೆಗೆದುಕೊಳ್ಳಬಹುದೆಂಬ ರೂಢಿಯನ್ನು ಪ್ರಿವಿ ಕೌನ್ಸಿಲ್ 1878ರಲ್ಲೇ ಮನ್ನಿಸಿತ್ತು. ಅಣ್ಣನ ಮಗನನ್ನೋ ತಂಗಿಯ ಮಗಳನ್ನೋ ಮಡಿಲಿಗೆ ಹಾಕಿಕೊಳ್ಳುವಾಗ ಆಯ್ಕೆ ಮನೆಯವರದು. ಶಿಶುಗೃಹದ ಮಗುವಿನ ಮಾತು ಬೇರೆ. ಅದರ ಪರವಾಗಿ ಆರಿಸಲು ಮನೆಯವರೇ ಇಲ್ಲ.

ನಾವು ನಮ್ಮನ್ನೇ ಕೇಳಿಕೊಳ್ಳೋಣ. ನಾಳೆ ನಮ್ಮ ಸಮಾಜವೇ ಒಂದು ಶಿಶುಗೃಹ ತೆರೆದರೆ, ಮಾಂಸಾಹಾರಿ ದಂಪತಿಗಳ ಕೈಗೆ ಮಗುವನ್ನು ಕೊಟ್ಟೇವೆಯೇ? ಎದೆ ಮುಟ್ಟಿ ಹೇಳುವುದಾದರೆ, ನಮ್ಮ ಕೈಯೂ ಹಿಂಜರಿದೀತು. ಆದುದರಿಂದ ಆ ಸಂನ್ಯಾಸಿನಿಯರನ್ನು ಹಳಿಯುವ ಹಕ್ಕು ನಮಗಿಲ್ಲ. ಆದರೆ ನಮ್ಮ ಹಿಂಜರಿಕೆಯ ಬೆಲೆಯನ್ನು ಮಗು ತೆರಬಾರದು. ಮನೆಯೊಂದು ಕಾದಿರುವಾಗ ಅದನ್ನು ತೊಟ್ಟಿಲಲ್ಲೇ ಉಳಿಸಿದರೆ ಅಭಯದಾನದ ಮಾತಿಗೆ ಅರ್ಥವೇನು?

ನಮ್ಮ ಅಭಿಪ್ರಾಯ ಇಷ್ಟು: ದತ್ತು ಕೊಡುವ ಅಧಿಕಾರವನ್ನು ಸರಕಾರದಿಂದ ಪಡೆದವರು ಎಲ್ಲರಿಗೂ ಒಂದೇ ತಕ್ಕಡಿ ಹಿಡಿಯಬೇಕು. ಹಿಡಿಯಲಾಗದವರು ಮಕ್ಕಳನ್ನು ತಡಮಾಡದೆ ಬೇರೆಯವರಿಗೆ ಒಪ್ಪಿಸಿ ಮರ್ಯಾದೆಯಿಂದ ಸರಿಯಬೇಕು. ಹಾಲು, ಔಷಧ, ಬಟ್ಟೆ, ಶಾಲೆಯ ಖರ್ಚು ಕೊಡಲು ಯಾವ ವಿನಾಯಿತಿಯೂ ಬೇಕಿಲ್ಲ. ಆಹಾರ, ಔಷಧ, ಶಾಸ್ತ್ರ ದಾನಗಳ ಬಾಗಿಲು ಸದಾ ತೆರೆದೇ ಇದೆ.

ಇನ್ನೊಂದು ಮಾತು. ಮಕ್ಕಳಿಲ್ಲದ ಬಂಧುಗಳು ಯಾರದೋ ಮಾತು ನಂಬಿ ಹಣ ಕೊಟ್ಟು ಕೂಸು ತರಬೇಡಿ; ಅದು ಅಪರಾಧ. ಸೊಲ್ಲಾಪುರವಿರಲಿ, ಆದೋನಿಯಿರಲಿ, ನೋಂದಣಿಯ ಪಟ್ಟಿ ದೇಶಕ್ಕೆಲ್ಲ ಒಂದೇ. ತಡವಾದರೂ ಆ ದಾರಿಯಲ್ಲೇ ಹೋಗಿ. ಮಗು ಬಂದ ದಿನ ಬಸದಿಗೆ ಕರೆತನ್ನಿ, ನಾವೆಲ್ಲ ಹರಸುತ್ತೇವೆ.