ಹಳೇ ಗಾಡಿಯ ಕಪ್ಪು ಫಲಕಕ್ಕೂ ಕಾನೂನಿನಲ್ಲಿ ಜಾಗ ಬೇಕು

ವಿಂಟೇಜ್ ವಾಹನಗಳಿಗೆಂದೇ ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ನಿಯಮ ಹೊರಡಿಸಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ಕಾರು, ಬೈಕುಗಳು ಅದರಡಿ ಬರುತ್ತವೆ. ಷರತ್ತು ಕಟ್ಟುನಿಟ್ಟಿನದು: ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಯಾವುದನ್ನೂ ಗಣನೀಯವಾಗಿ ಬದಲಾಯಿಸಿರಬಾರದು. ಎರಡು ವರ್ಷ ಕಳೆದು 2023ರ ಆಗಸ್ಟ್‌ನಲ್ಲಿ ಕರ್ನಾಟಕದ ಸಾರಿಗೆ ಇಲಾಖೆ ಮತ್ತೊಂದು ಅಧಿಸೂಚನೆ ತಂದಿತು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಎಲ್ಲ ವಾಹನಗಳೂ ಹಳೇ ನಂಬರ್ ಪ್ಲೇಟ್ ಕಳಚಿ ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ ಹಾಕಿಸಬೇಕು. ಮೂಲ ರೂಪ ಕೆಡಿಸಬೇಡಿ ಎಂದು ಒಂದು ಕಾಗದ ಹೇಳಿದರೆ, ಗಾಡಿಯ ಹಣೆಯ ಮೇಲಿನ ಗುರುತನ್ನೇ ಕಿತ್ತುಹಾಕಿ ಎಂದು ಇನ್ನೊಂದು ಹೇಳುತ್ತದೆ. ಈ ಎರಡರ ನಡುವೆ ಸಿಕ್ಕಿಕೊಂಡವರು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಮನೆಗಳಲ್ಲಿ ಅಪ್ಪನ ಕಾಲದ ಗಾಡಿಯನ್ನು ಜೋಪಾನವಾಗಿ ಇಟ್ಟುಕೊಂಡವರು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ವಿಂಟೇಜ್ ಎಂದು ಸರ್ಕಾರವೇ ಒಪ್ಪಿಕೊಂಡ ವಾಹನಕ್ಕೆ ಅದರ ಕಾಲದ ಕಪ್ಪು ಫಲಕವನ್ನು, ಅದರ ಹಳೇ ನಂಬರಿನೊಂದಿಗೆ, ಕಾನೂನುಬದ್ಧವಾಗಿ ಹಾಕಿಕೊಳ್ಳುವ ಹಕ್ಕು ಇರಬೇಕು. ಇದನ್ನು ರಿಯಾಯಿತಿ ಎಂದು ಬೇಡುತ್ತಿಲ್ಲ. ಆ ಫಲಕ ಸರ್ಕಾರವೇ ಕೊಟ್ಟ ನಂಬರಿನ ದಾಖಲೆ.

ಆ ದಾಖಲೆಯಲ್ಲಿ ಏನಿದೆ ನೋಡಿ. ಇವತ್ತಿನ 'ಕೆಎ' ಬಂದದ್ದು 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ. ದೇವನಹಳ್ಳಿಯ ಕೆಎ-43, ನೆಲಮಂಗಲದ ಕೆಎ-52 ಅದಕ್ಕಿಂತಲೂ ಈಚಿನವು. ಬೆಂಗಳೂರು ಗ್ರಾಮಾಂತರ ಎಂಬ ಜಿಲ್ಲೆ ಹುಟ್ಟಿದ್ದೇ 1986ರಲ್ಲಿ. 'ಕೆಎ' ಬರುವುದಕ್ಕೂ ಹಿಂದೆ ನಮ್ಮ ರಾಜ್ಯದ ಗಾಡಿಗಳ ಮೇಲೆ 'ಎಂವೈ'ಯಿಂದ ಶುರುವಾಗುವ ಮೂರಕ್ಷರಗಳಿದ್ದವು, ಆಮೇಲೆ 'ಎಂಇ', ಮುಂದೆ 'ಸಿಎ' ಬಂದವು. 'ಎಂವೈ' ಅಂದರೆ ಮೈಸೂರು ರಾಜ್ಯ. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಬದಲಾಯಿತು. ಕಚೇರಿಗಳ ಬೋರ್ಡು, ಮೊಹರು, ಕಾಗದಪತ್ರ ಎಲ್ಲವೂ ಬದಲಾದವು. ಆದರೆ ಆಗ ರಸ್ತೆಯಲ್ಲಿದ್ದ ಗಾಡಿಗಳ ನಂಬರ್ ಹಾಗೆಯೇ ಉಳಿಯಿತು. ಮೈಸೂರು ರಾಜ್ಯದ ಹೆಸರನ್ನು ಇನ್ನೂ ಹೊತ್ತು ನಡೆಯುವ ವಸ್ತುಗಳು ಜನರ ಮನೆಯಂಗಳದಲ್ಲಿ ಎಷ್ಟು ಉಳಿದಿವೆ? ಅಂಥ ಒಂದು ವಸ್ತುವಿನ ಮೇಲೆ ಹೊಸ ಅಲ್ಯೂಮಿನಿಯಂ ತಗಡು ಜಡಿಯುವುದು ಊರ ಮುಂದಿನ ವೀರಗಲ್ಲಿಗೆ ಸುಣ್ಣ ಬಳಿದಂತೆ. ಕಲ್ಲು ಇರುತ್ತದೆ, ಅಕ್ಷರ ಇರುವುದಿಲ್ಲ.

ನಂಬರ್ ಉಳಿಯುತ್ತದಲ್ಲ, ಮತ್ತೇನು ತಕರಾರು ಎಂದು ಅಧಿಕಾರಿಗಳು ಕೇಳುತ್ತಾರೆ. ನಿಜ, ಮೊದಲೇ ನೋಂದಣಿಯಾದ ವಿಂಟೇಜ್ ವಾಹನ ತನ್ನ ಹಳೇ ಸಂಖ್ಯೆಯನ್ನೇ ಇಟ್ಟುಕೊಳ್ಳಬಹುದು ಎಂದು 2021ರ ನಿಯಮ ಹೇಳುತ್ತದೆ. ಹೊಸದಾಗಿ ನೋಂದಣಿಯಾಗುವುದಕ್ಕೆ ಮಾತ್ರ 'ವಿಎ' ಸರಣಿ. ಆದರೆ ಸಂಖ್ಯೆ ಬೇರೆ, ಫಲಕ ಬೇರೆ. ಎರಡು ಸಾವಿರದ ಇಸವಿಯ ಆಸುಪಾಸಿನವರೆಗೂ ಈ ದೇಶದಲ್ಲಿ ಸ್ವಂತ ಗಾಡಿಯ ಫಲಕ ಅಂದರೆ ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಅದನ್ನು ಕೈಯಲ್ಲಿ ಬರೆಯುವ ಪೇಂಟರ್‌ಗಳಿದ್ದರು. ಅಕ್ಷರದ ದಪ್ಪ, ನಡುವಿನ ಅಂತರ, ಸೊನ್ನೆಯ ದುಂಡು ಒಬ್ಬೊಬ್ಬರದೂ ಒಂದೊಂದು ಬಗೆ. ಲೋಹದ ಉಬ್ಬಕ್ಷರ ಬೇಕಾದವರು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುತ್ತಿದ್ದರು. ಹಳೇ ಜಾವಾ, ಎನ್‌ಫೀಲ್ಡ್‌ಗಳಲ್ಲಿ ಮುಂದಿನ ನಂಬರು ಮಡ್‌ಗಾರ್ಡ್‌ನ ಬಾಗಿಗೆ ಒಪ್ಪುವಂತೆ ಉದ್ದಕ್ಕೆ ಕೂರುತ್ತಿತ್ತು, ಪಕ್ಕದಿಂದ ಓದಬೇಕಿತ್ತು. ಎಚ್‌ಎಸ್‌ಆರ್‌ಪಿ ಹಾಗಲ್ಲ. ಕಾರಿಗೆ 500 ಮಿ.ಮೀ. ಉದ್ದ, 120 ಮಿ.ಮೀ. ಅಗಲ, ಇಲ್ಲವೇ 340 ಮತ್ತು 200. ಬಾಗಿಸುವಂತಿಲ್ಲ, ಕತ್ತರಿಸುವಂತಿಲ್ಲ. ಒಮ್ಮೆ ಕೂರಿಸಿದರೆ ಮುರಿಯದೆ ಬಿಚ್ಚಲಾಗದ ಸ್ನ್ಯಾಪ್ ಲಾಕ್ ಬೇರೆ. ಹಳೇ ಫಿಯೆಟ್‌ನ ಡಿಕ್ಕಿಯ ಮೇಲೆ, ಅದಕ್ಕೆಂದೇ ಇದ್ದ ಪುಟ್ಟ ದೀಪದ ಕೆಳಗೆ, ಅದನ್ನು ಕೂರಿಸಲು ಹೊಸ ತೂತು ಕೊರೆಯಬೇಕಾಗಿ ಬಂದರೆ ಕೆಡುವುದು ಮೂಲ ರೂಪವೇ. ಒಳ್ಳೆಯ ಟಿಂಕರಿಂಗ್ ಕೆಲಸ ಬಲ್ಲವರು ಸಹ ಅಂಥ ಬಾಡಿಗೆ ಡ್ರಿಲ್ ಹಿಡಿಯಲು ಹಿಂಜರಿಯುತ್ತಾರೆ.

ಇನ್ನೊಂದು ಪೇಚು ಹೊಸ ಫಲಕ ಕೊಡುವ ವ್ಯವಸ್ಥೆಯಲ್ಲೇ ಇದೆ. ಗಾಡಿ ತಯಾರಿಸಿದ ಕಂಪನಿಯ ಮೂಲಕವೇ ಫಲಕ ಕೊಡಿಸುವ ಲೆಕ್ಕದಲ್ಲಿ ಇದನ್ನು ರೂಪಿಸಿದ್ದಾರೆ. ಪೋರ್ಟಲ್‌ಗೆ ಹೋದರೆ ಮೊದಲು ಕಂಪನಿ ಆರಿಸಿ ಎನ್ನುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಸ್ಟ್ಯಾಂಡರ್ಡ್ ಹೆರಾಲ್ಡ್, ಪ್ರೀಮಿಯರ್ ಪದ್ಮಿನಿಗಳ ಕಂಪನಿಗಳಿಗೆ ಇಂದು ಶೋರೂಮುಗಳಿಲ್ಲ. ಇದಕ್ಕಿಂತ ದೊಡ್ಡ ತೊಡಕು ಪುಸ್ತಕ ರೂಪದ ಹಳೇ ಆರ್‌ಸಿಗಳದ್ದು. ಗಾಡಿಯ ವಿವರ ಕಂಪ್ಯೂಟರಿಗೆ ಏರಿಲ್ಲದಿದ್ದರೆ ಬುಕಿಂಗ್ ಮುಂದಕ್ಕೆ ಹೋಗದು. ಮೊದಲು ಆರ್‌ಟಿಒ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಮೂಲ ರಿಜಿಸ್ಟರ್ ಸಿಕ್ಕರೆ ಪುಣ್ಯ. ಇದಕ್ಕೆಲ್ಲ ಓಡಾಡಲಾಗದವರು ಏಜೆಂಟನ್ನು ಹಿಡಿಯುತ್ತಾರೆ, ಅದೂ ಆಗದವರು ಗಾಡಿಯನ್ನು ಗುಜರಿಗೆ ಹಾಕುತ್ತಾರೆ. ಎಚ್‌ಎಸ್‌ಆರ್‌ಪಿಯ ಮೊದಲ ಗಡುವು 2023ರ ನವೆಂಬರ್ 17 ಇತ್ತು. ಅದು 2024ರ ಫೆಬ್ರವರಿ 17ಕ್ಕೆ, ಮೇ 31ಕ್ಕೆ, ಆಮೇಲೆಯೂ ಹಲವು ಸಲ ಮುಂದಕ್ಕೆ ಹೋಯಿತು. ಪ್ರತಿ ಸಲ ದಿನಾಂಕ ಮುಂದೂಡಿದರೇ ಹೊರತು ಹಳೇ ಗಾಡಿಯ ಪ್ರಶ್ನೆಯನ್ನು ಬೇರೆಯಾಗಿ ತೆಗೆದು ನೋಡಲಿಲ್ಲ. ಅಷ್ಟು ಸಮಯ ಕೈಯಲ್ಲಿದ್ದೂ ನೋಡದೇ ಹೋದದ್ದು ತಪ್ಪು.

ಎದುರು ವಾದಗಳಲ್ಲಿ ಗಂಭೀರವಾದದ್ದು ಭದ್ರತೆಯದು. ಕಳವು, ನಕಲಿ ನಂಬರು, ಅಪರಾಧಕ್ಕೆ ಬಳಸಿದ ಗಾಡಿ, ಇವನ್ನು ತಡೆಯಲೆಂದೇ 2001ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 50ನೇ ನಿಯಮಕ್ಕೆ ತಿದ್ದುಪಡಿ ತಂದು ಈ ಹೊಸ ಫಲಕವನ್ನು ಸೇರಿಸಿದರು. ಅದರ ವಿರುದ್ಧದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಈ ಯೋಜನೆಯನ್ನು ಎತ್ತಿಹಿಡಿಯಿತು. ಉದ್ದೇಶ ಸರಿಯಾದದ್ದು, ನಾನು ಅದರ ಪರ. ದಿನಾ ರಸ್ತೆಗಿಳಿಯುವ ವಾಹನಗಳಿಗೆ ಅದು ಬೇಕು. ಆದರೆ ವಿಂಟೇಜ್ ನೋಂದಣಿಯ ಗಾಡಿ ದಿನಬಳಕೆಗೆ, ವ್ಯಾಪಾರಕ್ಕೆ ಇಳಿಯುವಂತಿಲ್ಲ ಎಂದು ಕಾನೂನೇ ಹೇಳಿದೆ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಹೊರಗೆ ಬಂದರೆ ಉಂಟು. ಕಂಡವರೆಲ್ಲ ತಿರುಗಿ ನೋಡುವ ಇಂಥ ಗಾಡಿಯನ್ನು ಕದ್ದು ಯಾರೂ ಎಲ್ಲೂ ಅಡಗಿಸಲಾರರು. ಭದ್ರತೆಗೆ ಬೇಕಾದ ಹೊಲೊಗ್ರಾಮ್, ಲೇಸರ್ ಸಂಖ್ಯೆಗಳು ಮುಂಗಾಜಿನ ಒಳಗೆ ಅಂಟಿಸುವ ಮೂರನೇ ನೋಂದಣಿ ಗುರುತಿನ ಸ್ಟಿಕ್ಕರ್‌ನಲ್ಲಿ ಇರಲಿ, ಅದಕ್ಕೆ ಅಡ್ಡಿಯಿಲ್ಲ. ಬೈಕಿಗೆ ಅಷ್ಟೇ ಅಳತೆಯ ಬಿಲ್ಲೆ ಮಾಡಿ ಫ್ರೇಮಿಗೆ ಹಾಕಬಹುದು.

ಒಂದೇ ದೇಶ, ಒಂದೇ ಫಲಕ ಎಂಬ ಮಾತೂ ನಿಲ್ಲುವುದಿಲ್ಲ. ವಿದ್ಯುತ್ ವಾಹನಕ್ಕೆ ಹಸಿರು, ರಾಯಭಾರ ಕಚೇರಿಗಳಿಗೆ ನೀಲಿ, ಟ್ಯಾಕ್ಸಿಗೆ ಹಳದಿ. ತಾನೇ ಓಡಿಸಿಕೊಳ್ಳುವ ಬಾಡಿಗೆ ಕಾರಿಗಂತೂ ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರದ ಫಲಕವನ್ನು ಈಗಲೇ ಕೊಡುತ್ತಿದ್ದಾರೆ. ವಿಮಾನ ನಿಲ್ದಾಣದ ರಸ್ತೆಯಲ್ಲಿ ದೇವನಹಳ್ಳಿಯವರು ದಿನಾ ನೋಡುವ ಫಲಕವೇ ಅದು. ಬಾಡಿಗೆ ಕಾರಿನ ಕಪ್ಪನ್ನು ಓದಬಲ್ಲ ಪೊಲೀಸರಿಗೆ ಐವತ್ತು ವರ್ಷದ ಗಾಡಿಯ ಕಪ್ಪನ್ನು ಓದುವುದು ಕಷ್ಟವಾಗದು. ಬ್ರಿಟನ್ನಿನಲ್ಲಿ 1980ರ ಜನವರಿ 1ಕ್ಕೆ ಮೊದಲು ತಯಾರಾಗಿ ಐತಿಹಾಸಿಕ ವರ್ಗದಲ್ಲಿ ದಾಖಲಾದ ವಾಹನಕ್ಕೆ ಹಳೇ ಮಾದರಿಯ ಕಪ್ಪು ಫಲಕ ಹಾಕಿಕೊಳ್ಳಬಹುದು. ಜರ್ಮನಿಯಲ್ಲಿ ಮೂವತ್ತು ವರ್ಷ ದಾಟಿದ ಗಾಡಿಗೆ 'ಎಚ್' ಅಕ್ಷರ ಸೇರಿಸಿ ಕೊಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಗಾಡಿ ತಯಾರಾದ ವರ್ಷದ್ದೇ ಅಸಲಿ ಫಲಕ ಹುಡುಕಿ ತಂದರೆ ಅದನ್ನು ಆ ಗಾಡಿಗೆ ದಾಖಲು ಮಾಡಿಕೊಡುವ ಪದ್ಧತಿ ಇದೆ.

ಇದು ದುಡ್ಡಿದ್ದವರ ಶೋಕಿ ಎಂಬ ಮಾತು ನನಗೆ ಹೆಚ್ಚು ನೋವು ಕೊಡುವುದು. ಅರಮನೆಯ ರೋಲ್ಸ್ ರಾಯ್ಸ್ ಇಟ್ಟುಕೊಂಡವರಿಗೆ ಈ ತೊಡಕು ಬಿಡಿಸಿಕೊಡಲು ವಕೀಲರಿದ್ದಾರೆ. ಧರ್ಮಸ್ಥಳದ ಹಳೇ ಕಾರುಗಳ ಸಂಗ್ರಹಕ್ಕೆ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಕಾರು ಮ್ಯೂಸಿಯಂಗೆ ದೊಡ್ಡವರ ಆಸರೆ ಇದೆ. ದೊಡ್ಡಬಳ್ಳಾಪುರದ ನೇಕಾರರ ಮನೆಯ ಪಡಸಾಲೆಯಲ್ಲಿ ನಿಂತ ಜಾವಾಕ್ಕೆ, ಹೊಸಕೋಟೆಯ ರೈತರೊಬ್ಬರು ತರಕಾರಿ ದುಡ್ಡಿನಲ್ಲಿ ಕೊಂಡ ಲ್ಯಾಂಬ್ರೆಟಾಕ್ಕೆ, ನೆಲಮಂಗಲದ ಗ್ಯಾರೇಜಿನವರು ಭಾನುವಾರಗಳಲ್ಲಿ ಕೂತು ಎಬ್ಬಿಸಿದ ಅಂಬಾಸಿಡರಿಗೆ ಯಾರಿದ್ದಾರೆ? ವಿಂಟೇಜ್ ನೋಂದಣಿ ಹೊಸದಾದರೆ 20,000 ರೂಪಾಯಿ, ಮರು ನೋಂದಣಿಗೆ 5,000. ಈ ಮನೆಗಳಿಗೆ ಅದೇ ಭಾರ. ಆ ಭಾರ ಹೊತ್ತ ಮೇಲೂ ತಮ್ಮ ಗಾಡಿಯನ್ನು ತಮ್ಮ ನೆನಪಿನಲ್ಲಿ ಇದ್ದಂತೆ ನಿಲ್ಲಿಸಿಕೊಳ್ಳಲು ಅವರಿಗೆ ಅವಕಾಶವಿಲ್ಲ.

ಗಾಡಿ ಪ್ರಿಯರಲ್ಲೂ ಕೆಲವರು ಈ ವಾದವನ್ನು ಹಾಳುಗೆಡವುತ್ತಿದ್ದಾರೆ, ಅದನ್ನೂ ಹೇಳಲೇಬೇಕು. ಗುಜರಿಗೆ ಹೋದ ಒಂದು ಗಾಡಿಯ 'ಎಂವೈ' ಕಾಗದ ಕೊಂಡು ಇನ್ನೊಂದಕ್ಕೆ ಅಂಟಿಸುವುದು, ನಂಬರ್ ಚೆನ್ನಾಗಿ ಕಾಣುತ್ತದೆಂದು ಇಲ್ಲದ ಮೂರಕ್ಷರ ಬರೆಸುವುದು ಶುದ್ಧ ಮೋಸ. ಆ ಕಾಲದ ಫಲಕ ಬೇಕು ಎನ್ನುವವರು ಆ ಗಾಡಿಗೆ ಆ ಕಾಲದಲ್ಲಿ ಕೊಟ್ಟ ನಂಬರನ್ನೇ ಹಾಕಬೇಕು. ಮೂಲ ರಿಜಿಸ್ಟರ್, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಮೂರೂ ತಾಳೆಯಾದರೆ ಮಾತ್ರ ಅನುಮತಿ ಕೊಡಲಿ, ಸುಳ್ಳು ಹೇಳಿದವರ ಗಾಡಿ ಜಪ್ತಿಯಾಗಲಿ.

ನಿಯಮ 50 ಕೇಂದ್ರದ್ದು, ತಿದ್ದುಪಡಿ ದೆಹಲಿಯಿಂದಲೇ ಬರಬೇಕು. ಆದರೆ ಕೇಳಬೇಕಾದ್ದು ಕರ್ನಾಟಕ ಸರ್ಕಾರ, ಏಕೆಂದರೆ ಅಳಿಯುತ್ತಿರುವುದು ಅದರದೇ ಚರಿತ್ರೆ. ಕೇಳುವವರೆಗೆ ತನ್ನ ಕೈಯಲ್ಲಿರುವುದನ್ನಾದರೂ ಮಾಡಲಿ. ದೇವನಹಳ್ಳಿ, ನೆಲಮಂಗಲದ ಆರ್‌ಟಿಒಗಳಲ್ಲಿ ಹಳೇ ಗಾಡಿಗಳ ಬ್ಯಾಕ್‌ಲಾಗ್ ಎಂಟ್ರಿಗೆ ಶಿಬಿರ ನಡೆಸಲಿ. 1989ಕ್ಕೂ ಹಿಂದಿನ ನೋಂದಣಿ ಪುಸ್ತಕಗಳು ಯಾವ ಕಚೇರಿಯಲ್ಲಿದ್ದರೂ ಗೆದ್ದಲಿಗೆ ಬೀಳುವ ಮೊದಲು ಸ್ಕ್ಯಾನ್ ಮಾಡಿಸಲಿ. ಹಳೇ ಗಾಡಿ ಇಟ್ಟುಕೊಂಡವರಲ್ಲಿ ನನ್ನದೊಂದು ಕೋರಿಕೆ: ದಂಡಕ್ಕೆ ಹೆದರಿ ಹೊಸ ಫಲಕ ಹಾಕಿಸಿದ್ದರೂ ಕಳಚಿದ ಕಪ್ಪು ಫಲಕವನ್ನು ತೂಕಕ್ಕೆ ಹಾಕಬೇಡಿ. ಅದರ ಫೋಟೊ ತೆಗೆದು, ಹಳೇ ಆರ್‌ಸಿ ಪುಸ್ತಕದ ಜೊತೆ ಇಡಿ. ನಿಯಮ ಬದಲಾದ ದಿನ ಅಸಲಿ ಫಲಕ ಇದ್ದವರ ಅರ್ಜಿಯೇ ಮೊದಲು ಗೆಲ್ಲಬೇಕು.