ಸಪ್ಪೆ ಮೋರೆಯ ಹುಡುಗನ ಹಬ್ಬ

ಹಬ್ಬದ ದಿನ ಮನೆಯ ಹುಡುಗನೊಬ್ಬನು ಮೋರೆ ಸಪ್ಪಗೆ ಮಾಡಿಕೊಂಡು ಮೂಲೆ ಹಿಡಿದರೆ ಹಿರಿಯರು ಗದರುವುದು ಎಲ್ಲ ದೇಶಗಳಲ್ಲಿಯೂ ವಾಡಿಕೆ. ಅಂತಹ ಹುಡುಗನನ್ನೇ ನಾಯಕನನ್ನಾಗಿ ಮಾಡಿ, ಕ್ರಿಸ್ಮಸ್ ಸಂಭ್ರಮದ ನಡುವೆ ಇಡೀ ಅಮೆರಿಕೆಯ ಮುಂದೆ ನಿಲ್ಲಿಸಿದ ಧೈರ್ಯ ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಷುಲ್ಟ್ಸರದು. 1965ರ ಡಿಸೆಂಬರ್ 9ರಂದು ಸಿ.ಬಿ.ಎಸ್. ಟೆಲಿವಿಷನ್ ಸಂಸ್ಥೆ ಪ್ರಸಾರ ಮಾಡಿದ ‘ಎ ಚಾರ್ಲಿ ಬ್ರೌನ್ ಕ್ರಿಸ್ಮಸ್’ ಅರ್ಧ ಗಂಟೆಯ ಕಾರ್ಟೂನ್ ಚಿತ್ರ; ಅದರ ಕಥೆಯಾದರೋ ಅರ್ಧ ಶತಮಾನ ಮೀರಿದರೂ ಹಳತಾಗಿಲ್ಲ.

ಚಾರ್ಲಿ ಬ್ರೌನ್ ಅಷ್ಟರಲ್ಲಿ ಪತ್ರಿಕೆ ಓದುವವರಿಗೆಲ್ಲ ಚಿರಪರಿಚಿತ. 1950ರ ಅಕ್ಟೋಬರ್ 2ರಂದು ಕೇವಲ ಏಳು ಪತ್ರಿಕೆಗಳಲ್ಲಿ ಮೊದಲಾದ ‘ಪೀನಟ್ಸ್’ ಚಿತ್ರಮಾಲೆಯ ನಾಯಕ ಅವನು. ಆ ಕಡಲೆಕಾಯಿಯ ಹೆಸರನ್ನಿಟ್ಟವರು ಚಿತ್ರಗಳನ್ನು ಪತ್ರಿಕೆಗಳಿಗೆ ಹಂಚುತ್ತಿದ್ದ ಸಂಸ್ಥೆಯವರು. ಷುಲ್ಟ್ಸರಿಗೆ ಅದು ಕಡೆಯವರೆಗೂ ರುಚಿಸಲಿಲ್ಲ. ಗಾಳಿಪಟ ಹಾರಿಸಿದರೆ ಮರಕ್ಕೆ ಸಿಕ್ಕಿತು, ಆಟಕ್ಕೆ ಇಳಿದರೆ ಸೋಲು ಕಾದಿತ್ತು ಎಂಬಂಥ ಹಣೆಯ ಬರಹ ಚಾರ್ಲಿಯದು.

ಕ್ರಿಸ್ಮಸ್ಸಿಗೆ ಒಂದು ಚಿತ್ರ ಬೇಕೆಂದು ಹಣ ಹಿಡಿದು ಮುಂದೆ ಬಂದದ್ದು ಕೋಕಾಕೋಲಾ ಕಂಪೆನಿ. ಕೈಯಲ್ಲಿದ್ದ ಕಾಲ ಆರು ತಿಂಗಳು. ನಿರ್ಮಾಪಕ ಲೀ ಮೆಂಡೆಲ್ಸನ್, ಚಿತ್ರಗಳಿಗೆ ಚಲನೆ ಕೊಟ್ಟ ಬಿಲ್ ಮೆಲೆಂಡೆಜ್, ಮತ್ತು ಷುಲ್ಟ್ಸ್, ಈ ಮೂವರು ಕೂಡಿ ಮಾಡಿದ ಒಂದೊಂದು ತೀರ್ಮಾನವೂ ವ್ಯಾಪಾರದ ರೂಢಿಗೆ ವಿರುದ್ಧವಾಗಿತ್ತು. ಆ ಕಾಲದ ವಿನೋದಗಳಲ್ಲಿ ಧ್ವನಿಮುದ್ರಿತ ನಗೆಯನ್ನು ನಡುನಡುವೆ ಸೇರಿಸಿ, ಎಲ್ಲಿ ನಗಬೇಕೆಂಬುದನ್ನು ಪ್ರೇಕ್ಷಕರಿಗೆ ಕಲಿಸಿಕೊಡುತ್ತಿದ್ದರು. ಷುಲ್ಟ್ಸರು ಅದನ್ನು ಒಲ್ಲೆನೆಂದರು. ಮಕ್ಕಳ ಮಾತನ್ನು ಪಳಗಿದ ದೊಡ್ಡವರಿಂದ ಆಡಿಸುವುದರ ಬದಲು ಮಕ್ಕಳಿಂದಲೇ ಆಡಿಸಿದರು. ಚಾರ್ಲಿಯ ತಂಗಿ ಸ್ಯಾಲಿಗೆ ಧ್ವನಿಯಾದ ಹುಡುಗಿಗೆ ಇನ್ನೂ ಓದು ಬಾರದು. ಒಂದೊಂದು ತುಣುಕನ್ನು ಹೇಳಿಕೊಟ್ಟು, ಅವಳು ನುಡಿದುದನ್ನು ಜೋಡಿಸಬೇಕಾಯಿತು. ಆ ಮಾತಿನಲ್ಲಿ ಕೇಳಿಬರುವ ತಡವರಿಕೆಯನ್ನು ಯಾವ ನಟಿಯೂ ತರಲಾರಳು. ಸಂಗೀತವೋ, ಸ್ಯಾನ್‌ಫ್ರಾನ್ಸಿಸ್ಕೋದ ವಿನ್ಸ್ ಗರಾಲ್ಡಿಯ ಜಾಜ್ ಪಿಯಾನೋ! ಮಕ್ಕಳ ಚಿತ್ರಕ್ಕೆ ಅದು ಯಾರೂ ನಿರೀಕ್ಷಿಸದ ಜೋಡಿ.

ಕಥೆ ಬಹು ಸರಳವಾದುದು. ಹಬ್ಬ ಬಂದರೂ ಚಾರ್ಲಿಯ ಮನಸ್ಸಿನಲ್ಲಿ ಉಲ್ಲಾಸವಿಲ್ಲ. ಐದು ಸೆಂಟು ಪಡೆದು ಮನೋವೈದ್ಯ ನಡೆಸುವ ಗೆಳತಿ ಲೂಸಿಯನ್ನು ಕೇಳಿದರೆ, ತನಗೆ ಕ್ರಿಸ್ಮಸ್ ಉಡುಗೊರೆಯಾಗಿ ಬೇಕಾದದ್ದು ಭೂಮಿಕಾಣಿ ಎನ್ನುತ್ತಾಳೆ. ಸ್ಯಾಲಿ ಸಾಂತಾಕ್ಲಾಸನಿಗೆ ಬರೆಸುವ ಕಾಗದದಲ್ಲಿ ಹತ್ತು ಇಪ್ಪತ್ತರ ನೋಟುಗಳನ್ನೇ ಬೇಡುತ್ತಾಳೆ. ನಾಯಿ ಸ್ನೂಪಿ ಬಹುಮಾನದ ಆಸೆಯಿಂದ ತನ್ನ ಗೂಡನ್ನು ದೀಪಗಳಿಂದ ಸಿಂಗರಿಸುತ್ತದೆ. ಮಕ್ಕಳ ನಾಟಕಕ್ಕೆ ಥಳಥಳಿಸುವ ಅಲ್ಯೂಮಿನಿಯಮ್ ಮರ ತಾ ಎಂದು ಕಳುಹಿಸಿದರೆ, ಚಾರ್ಲಿ ತರುವುದು ಎಲೆ ಉದುರುವ ಒಂದು ಬಡಕಲು ಗಿಡವನ್ನು. ಆದರೆ ಅಲ್ಲಿದ್ದವುಗಳಲ್ಲಿ ನಿಜವಾದ ಮರ ಅದೊಂದೇ. ಎಲ್ಲರೂ ಕೈತಟ್ಟಿ ನಗುತ್ತಾರೆ. ಹಬ್ಬದ ಅರ್ಥವೇನೆಂದು ಅವನು ಕೂಗಿ ಕೇಳಿದಾಗ, ಲೈನಸ್ ಎಂಬ ಪುಟ್ಟ ಬಾಲಕ ಬರಿದಾದ ರಂಗಸ್ಥಳಕ್ಕೆ ಬಂದು ಲೂಕನ ಸುವಾರ್ತೆಯಿಂದ ಕ್ರಿಸ್ತಜನನದ ಭಾಗವನ್ನು ಒಪ್ಪಿಸುತ್ತಾನೆ. ಹಗಲಿರುಳು ಬಿಡದ ತನ್ನ ಹೊದಿಕೆ ಆ ಹೊತ್ತಿನಲ್ಲಿ ಕೈಯಿಂದ ಜಾರಿದುದು ಕೂಡ ಅವನ ಅರಿವಿಗೆ ಬಾರದು. ವಿನೋದದ ಚಿತ್ರದಲ್ಲಿ ಬೈಬಲ್ ಓದಿಸುವುದು ಬೇಡವೇನೋ ಎಂದು ಜೊತೆಗಾರರೇ ಹಿಂಜರಿದಿದ್ದರು. ಷುಲ್ಟ್ಸರು ಮಾತ್ರ ಜಗ್ಗಲಿಲ್ಲ.

ಸಿದ್ಧವಾದ ಚಿತ್ರವನ್ನು ಕಂಡ ಸಿ.ಬಿ.ಎಸ್. ಅಧಿಕಾರಿಗಳ ಮುಖ ಚಾರ್ಲಿಯ ಮುಖದಷ್ಟೇ ಸಪ್ಪಗಾಯಿತು. ನಡಿಗೆ ನಿಧಾನ, ಸಂಗೀತ ಹೊಂದದು ಎಂದರು. ಪ್ರಸಾರದ ದಿನ ಗೊತ್ತಾಗಿ ಹೋಗಿದ್ದರಿಂದ ನಿಲ್ಲಿಸುವಂತಿರಲಿಲ್ಲ. ಆ ರಾತ್ರಿ ಟೆಲಿವಿಷನ್ ಹಚ್ಚಿದ್ದ ಮನೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅದನ್ನೇ ನೋಡಿದವು! ಎಮ್ಮಿ ಮತ್ತು ಪೀಬಡಿ ಪ್ರಶಸ್ತಿಗಳೆರಡೂ ಬಂದವು. ಮರುವರ್ಷದ ಅಕ್ಟೋಬರಿನಲ್ಲಿ ದೊಡ್ಡ ಕುಂಬಳಕಾಯಿಯ ಕಥೆ ಬಂದಿತು; ಮುಂದೆ ಈ ಪರಂಪರೆ ದಶಕಗಳವರೆಗೂ ನಡೆಯಿತು. 2000ದ ಫೆಬ್ರವರಿ 12ರಂದು ಷುಲ್ಟ್ಸರು ತೀರಿಕೊಂಡರು. ಅವರ ಕಡೆಯ ಭಾನುವಾರದ ಚಿತ್ರ ಅಚ್ಚಾಗಿ ಓದುಗರ ಕೈ ಸೇರಿದ್ದು ಮರುದಿನ.

ಹಬ್ಬವನ್ನು ವ್ಯಾಪಾರವಾಗಿಸಿದವರನ್ನು ಹಂಗಿಸಿದ ಈ ಚಿತ್ರಕ್ಕೆ ಹಣ ಕೊಟ್ಟದ್ದು ಪಾನೀಯದ ಕಂಪೆನಿ. ಇದೇ ಪಾತ್ರಗಳಿಗೆ ಮೆಲೆಂಡೆಜ್ ಮೊದಲು ಚಲನೆ ಕೊಟ್ಟದ್ದು ಫೋರ್ಡ್ ಮೋಟಾರಿನ ಜಾಹೀರಾತಿಗಾಗಿ. ಅದರಲ್ಲಿ ಕಪಟವೇನೂ ಇರಲಿಲ್ಲವೆನ್ನಬೇಕು. ಹಣ ಕೊಟ್ಟವರ ಮುಖ ನೋಡಿ ಚಾರ್ಲಿಯ ಮಾತನ್ನು ಯಾರೂ ಮೆದುಗೊಳಿಸಲಿಲ್ಲ. ಪೆಟ್ಟು ಬಿದ್ದದ್ದು ಆಮೇಲೆ. ಜಾಹೀರಾತುಗಳಿಗೆ ಹೆಚ್ಚು ಹೊತ್ತು ಬೇಕೆಂದು ಚಿತ್ರಕ್ಕೇ ಅಲ್ಲಲ್ಲಿ ಕತ್ತರಿ ಹಾಕಿ ಪ್ರಸಾರ ಮಾಡಿದ ವರ್ಷಗಳುಂಟು. ಅಮೆರಿಕೆಯ ಅಂಗಡಿಗಳಲ್ಲಿ ಈಗ ಚಾರ್ಲಿ ಬ್ರೌನನ ಆ ಬಡಕಲು ಮರವೇ ಮಾರಾಟಕ್ಕೆ ಸಿಕ್ಕುತ್ತದೆ: ಒಂದೇ ಒಂದು ಕೆಂಪು ಗುಂಡು, ಅದರ ಭಾರಕ್ಕೆ ಬಾಗಿದ ತುದಿ, ಬುಡಕ್ಕೆ ಸುತ್ತಿದ ಲೈನಸನ ನೀಲಿ ಹೊದಿಕೆ. ಎಲೆಗಳು ಮಾತ್ರ ಪ್ಲಾಸ್ಟಿಕ್ಕಿನವು.